ರೋಲರಿನ ಮೇಲೆ ಬರಿಗಾಲು

ನಾನು ದುಡಿದ ಯಾವ ರಸ್ತೆಯ, ಯಾವ ಸೇತುವೆಯ ಉದ್ಘಾಟನೆಯ ಫೋಟೋದಲ್ಲೂ ನಾನಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ. ನಮ್ಮ ಕೆಲಸದ ರೀತಿಯೇ ಹಾಗೆ. ಮಂತ್ರಿಗಳು ಟೇಪು ಕತ್ತರಿಸುವ ಹೊತ್ತಿಗೆ ಮಿಕ್ಸರು, ರೋಲರು, ಕ್ರಷರು ಎಲ್ಲ ಮುಂದಿನ ಊರಿಗೆ ಹೊರಟಿರುತ್ತವೆ, ಅವುಗಳ ಹಿಂದೆ ನಾವೂ ಹೊರಟಿರುತ್ತೇವೆ. ಸಿವಿಲ್ ಓದಿದವರು ಹೆಂಡತಿ ಮಕ್ಕಳನ್ನು ಕರೆತಂದು "ಇದು ನಾನು ಕಟ್ಟಿಸಿದ್ದು" ಎಂದು ತೋರಿಸಬಹುದು. ಯಂತ್ರ ನೋಡಿಕೊಂಡವನು ಏನನ್ನು ತೋರಿಸಬೇಕು? ಗುಜರಿಗೆ ಹೋದ ಇಂಜಿನ್ನನ್ನೇ?

ಮೊನ್ನೆ ಪಾಲಿಟೆಕ್ನಿಕ್ ಮುಗಿಸಿದ ಇಬ್ಬರು ಬಂದು, ಕಂತ್ರಾಟು ಕಂಪನಿಯ ಯಂತ್ರ ವಿಭಾಗಕ್ಕೆ ಸೇರಬಹುದೇ ಎಂದು ಚೀಟಿಯಲ್ಲಿ ಬರೆದು ಕೇಳಿದರು. ನನಗೆ ಕಿವಿ ಕೇಳುವುದಿಲ್ಲ, ಹಾಗಾಗಿ ಚೀಟಿ. ಅದರ ಹಿಂಬದಿಯಲ್ಲೇ "ಸೇರಿ, ಕಿವಿಗೆ ಹತ್ತಿ ಇಟ್ಟುಕೊಳ್ಳಿ" ಎಂದು ಬರೆದುಕೊಟ್ಟೆ. ಅವರು ಹೋದ ಮೇಲೆ ಅಷ್ಟೇ ಬರೆದದ್ದು ಸಾಲದು ಅನ್ನಿಸಿತು. ಬಡ್ತಿ, ಸಂಬಳ, ಸನ್ಮಾನದ ಶಾಲು ಇವುಗಳ ವಿಷಯ ಬಿಡುತ್ತೇನೆ. ನಾನು ಒಬ್ಬ ಡ್ರೈವರಿಗೆ ಮಾಡಿದ ಒಂದು ಉಪಕಾರದ ವಿಷಯ ಹೇಳಬೇಕು. ಆ ಉಪಕಾರದಿಂದ ಅವರ ಕೆಲಸ ಹೋಯಿತು.

ನಾನು ಸೇರಿದ್ದು ಅರವತ್ತರ ದಶಕದ ನಡುವೆ. ಮೆಕ್ಯಾನಿಕಲ್ ಡಿಪ್ಲೊಮಾ ಇತ್ತು, ಫ್ಯಾಕ್ಟರಿ ಕೆಲಸ ಸಿಕ್ಕಿರಲಿಲ್ಲ. ರಸ್ತೆ ಸೇತುವೆ ಕಂತ್ರಾಟು ಹಿಡಿಯುವ ಒಂದು ಕಂಪನಿ ಕರೆಯಿತು, ಹೋದೆ. ಮೊದಲ ಜಾಗ ದೇವನಹಳ್ಳಿ ಹತ್ತಿರ ಹಳ್ಳದ ಮೇಲಿನ ಒಂದು ಸಣ್ಣ ಸೇತುವೆ. ಅಲ್ಲಿಯವರೆಗೆ ಕಾಂಕ್ರೀಟನ್ನು ತಗಡಿನ ಮೇಲೆ ಸಲಿಕೆಯಲ್ಲಿ ಕಲಸುತ್ತಿದ್ದರು. ಹೊಸದಾಗಿ ಒಂದು ಡೀಸೆಲ್ ಮಿಕ್ಸರು ಬಂತು, ಅದರ ಜೊತೆ ಅದಕ್ಕೊಬ್ಬ ಇಂಜಿನಿಯರು ಎಂದು ನಾನು ಬಂದೆ.

ಮೂರನೆಯ ದಿನ ಮಿಕ್ಸರು ತಿರುಗುತ್ತಿದ್ದಂತೆಯೇ ಇಂಜಿನ್ನು ನಿಂತುಹೋಯಿತು. ನನಗೆ ಒಳಗೊಳಗೇ ಖುಷಿ. ಓದಿದ್ದನ್ನು ತೋರಿಸಲು ಇದೇ ಸಮಯ ಎಂದು ಬಿಚ್ಚಲು ಕೂತೆ. ಇಂಜೆಕ್ಟರು ಬಿಚ್ಚಿದೆ, ಪೈಪು ಬಿಚ್ಚಿದೆ, ಊಟ ಬಿಟ್ಟೆ. ಮೂರು ಗಂಟೆಯ ನಂತರ ಇಂಜಿನ್ನು ಗುಡುಗುಟ್ಟಿಕೊಂಡು ಎದ್ದಿತು. ಹೆಮ್ಮೆಯಿಂದ ಸುತ್ತ ನೋಡಿದರೆ ಯಾರ ಮುಖದಲ್ಲೂ ನಗುವಿಲ್ಲ. ಡ್ರಮ್ಮಿನೊಳಗಿದ್ದ ಕಾಂಕ್ರೀಟು ಗಟ್ಟಿಯಾಗಿ ಕಲ್ಲಾಗಿತ್ತು. ಹಸಿಯಿರುವಾಗಲೇ ಅದನ್ನು ಸಲಿಕೆಯಲ್ಲಿ ತೋಡಿ ಹಾಕಿ, ಆಮೇಲೆ ಇಂಜಿನ್ನಿಗೆ ಕೈ ಹಾಕಬೇಕು ಎನ್ನುವುದು ಬಾಂಡ್ಲಿ ಹೊರುವ ಹೆಂಗಸರಿಗೂ ಗೊತ್ತಿತ್ತು. ಇಂಜಿನಿಯರಿಗೆ ಹೇಳುವುದು ಹೇಗೆ ಎಂದು ಸುಮ್ಮನಿದ್ದರಂತೆ.

ವರ್ಕ್ಸ್ ಮ್ಯಾನೇಜರ್ ಶೇಷಗಿರಿರಾಯರು ಸಂಜೆ ಬಂದರು. ಅವರು ಕೂಗಾಡುವವರಲ್ಲ, ಅದೇ ಅವರ ಬಗ್ಗೆ ಇದ್ದ ಭಯ. ಡ್ರಮ್ಮಿನೊಳಗೆ ಬಗ್ಗಿ ನೋಡಿ, "ಇಂಜಿನ್ ಓಡ್ತಾ ಇದೆಯೇನ್ರೀ?" ಎಂದರು.

"ಓಡ್ತಾ ಇದೆ ಸಾರ್."

"ಸಂತೋಷ. ಈಗ ಒಳಗೆ ಇಳೀರಿ."

ಎರಡು ದಿನ ನಾನು ಆ ಕಬ್ಬಿಣದ ಡ್ರಮ್ಮಿನೊಳಗೆ ಮುದುರಿಕೊಂಡು ಕೂತು ಉಳಿ ಸುತ್ತಿಗೆ ಹಿಡಿದು ಕಾಂಕ್ರೀಟು ಒಡೆದೆ. ಒಂದೊಂದು ಏಟೂ ತಲೆಯೊಳಗೇ ಬಿದ್ದ ಹಾಗಿತ್ತು. ಹೊರಗೆ ಬಂದ ಮೇಲೂ ಒಂದು ವಾರ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ನನ್ನ ಕಿವಿಗೆ ಬಿದ್ದ ಮೊದಲ ಪೆಟ್ಟು ಅದು. ಮ್ಯಾನೇಜರನ್ನು ದೂರುವುದಿಲ್ಲ. ಆ ಪಾಠ ನನಗೆ ಬೇಕಾಗಿತ್ತು, ಕಿವಿಗೆ ಏನಾಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಕ್ಯಾಂಪಿನ ಬದುಕಿನ ವಿಷಯ ಯಾವ ಪುಸ್ತಕದಲ್ಲೂ ಇಲ್ಲವಾದ್ದರಿಂದ ಹೇಳುತ್ತೇನೆ. ರಸ್ತೆ ಪಕ್ಕದಲ್ಲಿ ತಗಡಿನ ಶೆಡ್ಡು. ಅರ್ಧದಲ್ಲಿ ಸ್ಪೇರ್ ಪಾರ್ಟು, ಅರ್ಧದಲ್ಲಿ ನಾನು. ವಿಳಾಸ ಎಂದರೆ ಮೈಲಿಗಲ್ಲಿನ ನಂಬರು. ಅಮ್ಮ ಕಾಗದ ಬರೆದರೆ ಪೋಸ್ಟ್‌ಮ್ಯಾನು ಕಲ್ಲು ಹುಡುಕಿಕೊಂಡು ಬರುತ್ತಿದ್ದ, ಅಷ್ಟರಲ್ಲಿ ಕೆಲಸ ಮುಂದಿನ ಕಲ್ಲಿಗೆ ಹೋಗಿರುತ್ತಿತ್ತು. ಭಾನುವಾರ ಸಿವಿಲ್ಲಿನವರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವರು, ಕೂಲಿಯವರು ತಮ್ಮ ತಮ್ಮ ಊರಿಗೆ. ಯಂತ್ರಗಳಿಗೆ ರಜ ಇರುವ ದಿನವೇ ಅವುಗಳ ಸರ್ವಿಸು ಆಗಬೇಕಾದ್ದರಿಂದ ನನಗೆ ಭಾನುವಾರವಿಲ್ಲ. ಮಧ್ಯಾಹ್ನ ಕೈಗೆ ಅಂಟಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಂಡು, ಶೆಡ್ಡಿನ ಮುಂದೆ ಕೂತು, ಹಾದುಹೋಗುವ ಬಸ್ಸುಗಳ ಕಿಟಕಿಗಳನ್ನು ನೋಡುತ್ತಿದ್ದೆ. ಒಂದೆರಡು ಕಡೆ ಹೆಣ್ಣು ನೋಡುವ ಮಾತು ಬಂತು. "ಹುಡುಗ ಇರೋದೆಲ್ಲಿ?" ಎಂದು ಕೇಳಿದರೆ ಅಮ್ಮನಿಗೆ ಒಂದೇ ಉತ್ತರ ಎರಡು ಸಲ ಕೊಡಲಾಗಲಿಲ್ಲ. ಮಾತು ಅಲ್ಲಿಗೇ ನಿಂತಿತು. ಒಂಟಿತನ ರೂಢಿಯಾಗುತ್ತದೆ ಎನ್ನುತ್ತಾರೆ, ನನಗೆ ಆಗಲಿಲ್ಲ.

ಅಂಥ ಹೊತ್ತಿನಲ್ಲಿ ಸಿಕ್ಕವರು ಪಿಳ್ಳಣ್ಣ. ದೊಡ್ಡಬಳ್ಳಾಪುರದಿಂದ ನೆಲಮಂಗಲದ ಕಡೆಗೆ ಹೋಗುವ ರಸ್ತೆಯನ್ನು ಅಗಲ ಮಾಡುವ ಕೆಲಸದಲ್ಲಿ ಅವರು ರೋಲರ್ ಡ್ರೈವರು. ಹೊಸಕೋಟೆ ಕಡೆಯವರು, ಐವತ್ತರ ಹತ್ತಿರದ ವಯಸ್ಸು. ಎಲ್ಲ ಇಂಜಿನಿಯರುಗಳಂತೆ ನಾನೂ ಆಗ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಈಗ ಹಾಗೆ ಬರೆಯಲು ಕೈ ಬರುವುದಿಲ್ಲ. ಕಲ್ಲಿದ್ದಲು ಹಾಕಿ ಎರಡು ಗಂಟೆ ಕಾಯಿಸಿದರೆ ಹೊರಡುತ್ತಿದ್ದ ಸ್ಟೀಮ್ ರೋಲರಿನ ಕಾಲದಿಂದ ಬಂದವರು, ಡೀಸೆಲ್ಲಿಗೆ ಅವರೇ ಹೊಂದಿಕೊಂಡಿದ್ದರು. ಅವರ ರೋಲರು ಓಡಿದ ಜಲ್ಲಿಯ ಮೇಲೆ ನೀರು ಚೆಲ್ಲಿದರೆ ಒಂದು ಕಡೆಯೂ ಮಡುಗಟ್ಟುತ್ತಿರಲಿಲ್ಲ.

ರೋಲರು ಹತ್ತುವ ಮೊದಲು ಅವರು ಚಪ್ಪಲಿಯನ್ನು ಬೇಲಿ ಪಕ್ಕ ಬಿಡುತ್ತಿದ್ದರು. ಮಿಷನ್ನಿನ ಮೇಲೆ ಅಷ್ಟು ಭಕ್ತಿ ಎಂದು ಎಲ್ಲರೂ ತಿಳಿದಿದ್ದೆವು. ಒಮ್ಮೆ ಮಾತಿಗೆ ಕೂತರೆ ಬೇರೆಯವರಿಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಆದರೆ ಹಿಂದಿನಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ, ಜಂಬದ ಮನುಷ್ಯ ಎಂದು ಹೆಸರಾಗಿತ್ತು. ನನಗೆ ಮಾತ್ರ ಅವರ ಮಾತು ಬೇಕಿತ್ತು. ಮೂರು ಕಲ್ಲಿನ ಒಲೆಯಲ್ಲಿ ಅವರೇ ಮುದ್ದೆ ಮಾಡಿ, ಹೊಲದ ಬದುವಿನಲ್ಲಿ ಸಿಕ್ಕ ಸೊಪ್ಪಿನ ಸಾರು ಮಾಡಿ, "ಬನ್ನಿ ಸ್ವಾಮಿ, ಒಬ್ರೇ ಎಷ್ಟ್ ದಿನ ಅಂತ ಉಣ್ತೀರಾ" ಎಂದು ಕರೆಯುತ್ತಿದ್ದರು. ನನ್ನ ಎದುರಿಗೇ ಕೂರುವರು. ಪಕ್ಕದಲ್ಲಿ ಎಂದೂ ಕೂತವರಲ್ಲ.

ಆ ಕಡೆ ಸುಗ್ಗಿಯಲ್ಲಿ ಹುರುಳಿಯನ್ನು ರಸ್ತೆ ಮೇಲೆ ಹರಡುವುದುಂಟು, ಬಸ್ಸು ಲಾರಿ ಓಡಿ ಕಾಳು ಬಿಡಿಸಿಕೊಡುತ್ತವೆ. ನಾವು ಅಗಲ ಮಾಡಿದ ಭಾಗಕ್ಕೆ ಇನ್ನೂ ಬಸ್ಸು ಬಿಟ್ಟಿರಲಿಲ್ಲ. ಒಬ್ಬ ರೈತ ಹುರುಳಿ ಹರಡಿಬಿಟ್ಟು ರೋಲರಿನ ಹಿಂದೆ ಕೂಗುತ್ತಾ ಓಡಿದ. ಪಿಳ್ಳಣ್ಣ ತಿರುಗಲಿಲ್ಲ. ಅವನು ನೇರ ನನ್ನ ಹತ್ತಿರ ಬಂದು, "ಎಷ್ಟ್ ಜಂಬ ನೋಡಿ ಸ್ವಾಮಿ ನಿಮ್ ಡ್ರೈವರ್‌ಗೆ! ಒಂದ್ ಕಿತ ಓಡ್ಸಿದ್ರೆ ಇವ್ರಪ್ಪನ ಗಂಟೇನು ಹೋಗ್ತದೆ?" ಎಂದ. ನಾನು ದೊಡ್ಡ ಮನುಷ್ಯನಂತೆ ಪಿಳ್ಳಣ್ಣನ ಎದುರಿಗೆ ಹೋಗಿ ಓಡಿಸಲು ಹೇಳಿದೆ.

"ಕಾಳು ಒಡೀತದೆ ಸ್ವಾಮಿ. ಎಂಟು ಟನ್ ಐತೆ ಇದು."

"ಒಂದೇ ಸಲ ಓಡ್ಸು ಪಿಳ್ಳಣ್ಣ. ನಾನ್ ಹೇಳ್ತಿದೀನಲ್ಲ."

ಓಡಿಸಿದರು. ರೈತನ ಹೆಂಡತಿ ಬಂದು ಬಗ್ಗಿ ಒಂದು ಹಿಡಿ ಎತ್ತಿಕೊಂಡು, "ಇಂಜಿನೀರಪ್ಪ ಬೇಳೆ ಮಾಡಿ ಕೊಟ್ಟವ್ನೆ ಕಣ್ರೇ" ಎಂದು ಸೊಂಟಕ್ಕೆ ಕೈಕೊಟ್ಟು ನಿಂತಳು. ಜಲ್ಲಿ ಹೊರುವ ಹೆಂಗಸರೆಲ್ಲ ವಾರವಿಡೀ ನನ್ನನ್ನು ಕಂಡರೆ ಸೆರಗು ಬಾಯಿಗೆ ಇಟ್ಟುಕೊಳ್ಳುವರು. ಪಿಳ್ಳಣ್ಣ ನನ್ನನ್ನು ಆಡಿಕೊಳ್ಳಲಿಲ್ಲ. ಅವರ ಮಾತು ಕೇಳಬೇಕು ಎಂಬ ಬುದ್ಧಿ ನನಗೆ ಅವತ್ತೇ ಬರಬೇಕಿತ್ತು.

ಮುಂದಿನ ಬೇಸಗೆಯಲ್ಲಿ ಒಂದು ದಿನ ಅವರ ಅಂಗಾಲು ನೋಡಿದೆ. ಕಾಲಿಡುವ ಕಬ್ಬಿಣದ ಹಲಗೆ ಮೇಲಿನ ಬಿಸಿಲಿಗೂ ಕೆಳಗಿನ ಇಂಜಿನ್ನಿಗೂ ಕಾದು ಹೆಂಚಾಗಿರುತ್ತಿತ್ತು. ಅಂಗಾಲಿನ ತುಂಬ ಬೊಬ್ಬೆ. ಚಪ್ಪಲಿ ಹಾಕಿಕೋ ಎಂದರೆ ನಕ್ಕುಬಿಟ್ಟರು. ನನಗೆ ಸಂಕಟವಾಯಿತು. ಕ್ರಷರಿನ ಹಳೆಯ ಬೆಲ್ಟಿನ ದಪ್ಪ ರಬ್ಬರನ್ನು ಆ ಹಲಗೆಯ ಮೇಲೆ ಹಾಸಲು ಅಳತೆಗೆ ಕತ್ತರಿಸಿ ತಂದೆ. ಅದನ್ನು ಕಂಡು ಪಿಳ್ಳಣ್ಣನ ಮುಖ ಒಂದು ಥರ ಆಯಿತು.

"ಬ್ಯಾಡಿ ಸ್ವಾಮಿ. ಕಾಲು ಒಗ್ಗೋಗೈತೆ."

"ಸುಮ್ನಿರು ಪಿಳ್ಳಣ್ಣ. ಭಕ್ತಿ ಏನೂ ಕೆಡಲ್ಲ. ರಬ್ಬರ್ ಮೇಲೂ ಬರಿಗಾಲಲ್ಲೇ ನಿಂತ್ಕೋ."

ಜಾರಬಾರದು ಎಂದು ನಾಲ್ಕು ಮೂಲೆಗೂ ಬೋಲ್ಟು ಹಾಕಿಸಿದೆ. ದಿನಾ ಬೆಳಿಗ್ಗೆ ಹೋಗಿ ಇದೆಯೋ ಇಲ್ಲವೋ ನೋಡುತ್ತಿದ್ದೆ. ಕಾಲಿನ ಬೊಬ್ಬೆ ಮಾಯಿತು. ಕ್ಯಾಂಪಿನಲ್ಲಿ ಒಬ್ಬರಿಗಾದರೂ ಒಳ್ಳೆಯದು ಮಾಡಿದೆ ಎಂಬ ಸಮಾಧಾನ ನನ್ನದು. ಪಿಳ್ಳಣ್ಣ ಮಾತ್ರ ಮಂಕಾದರು. ರೋಲರನ್ನು ಆಗಾಗ ನಿಲ್ಲಿಸಿ, ಇಳಿದು ಬಂದು ಇಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿ ಮತ್ತೆ ಹತ್ತುತ್ತಿದ್ದರು. ವಯಸ್ಸಾಯಿತು, ಅನುಮಾನ ಜಾಸ್ತಿಯಾಗಿದೆ ಎಂದುಕೊಂಡೆ.

ಹದಿನೈದು ದಿನ ಕಳೆದಿರಬೇಕು. ನಾನು ಡೀಸೆಲ್ಲು ತರಲು ನೆಲಮಂಗಲಕ್ಕೆ ಹೋಗಿದ್ದೆ. ಇಂಜಿನ್ನಿಗೆ ಎಣ್ಣೆ ಹೋಗುವ ಸಣ್ಣ ಪೈಪು ಬಿರುಕುಬಿಟ್ಟು ಎಣ್ಣೆ ಸೋರಿಹೋಗಿದೆ. ಬೇರಿಂಗು ಒಣಗಿ ಬಡಿದುಕೊಳ್ಳಲು ಶುರುವಾಗಿದೆ. ಆ ಬಡಿತ ದೂರದಲ್ಲಿ ಜಲ್ಲಿ ಹರಡುತ್ತಿದ್ದವರಿಗೂ ಕೇಳಿಸಿತಂತೆ. ಹೆಂಗಸರು ಕೂಗಿಕೊಂಡರು. ಪಿಳ್ಳಣ್ಣ ಅವರ ಕಡೆ ಬೆನ್ನು ಹಾಕಿ ಓಡಿಸುತ್ತಲೇ ಇದ್ದರು. ಕೊನೆಗೆ ಪಿಸ್ಟನ್ನಿನ ರಾಡು ತುಂಡಾಗಿ ಇಂಜಿನ್ನಿನ ಹೊಟ್ಟೆ ಒಡೆದುಕೊಂಡು ಹೊರಗೆ ಬಂತು. ನಾನು ವಾಪಸು ಬಂದಾಗ ರೋಲರು ರಸ್ತೆ ನಡುವೆ ನಿಂತಿತ್ತು, ಕೆಳಗೆಲ್ಲ ಕಪ್ಪು ಎಣ್ಣೆ. ಪಿಳ್ಳಣ್ಣ ಸ್ವಲ್ಪ ದೂರದ ಮೋರಿಯ ಕಟ್ಟೆಯ ಮೇಲೆ ಕೂತಿದ್ದರು.

"ಅಷ್ಟು ಸದ್ದು ಆದ್ರೂ ಗೊತ್ತಾಗ್ಲಿಲ್ವಾ?" ಎಂದು ಕೂಗಾಡಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಹೇಳಿದರು.

"ನಂಗೆ ಕಿವಿ ಕೇಳಾಕಿಲ್ಲ ಸ್ವಾಮಿ. ಸ್ಟೀಮ್ ರೋಲರ್‌ನಾಗೆ ಇದ್ದಾಗ್ಲೇ ಹೋಯ್ತು. ಮೊದ್ಲು ಎಡಗಿವಿ, ಆಮ್ಯಾಕೆ ಇದೂ. ಮನುಷರ ಮಾತು ಬಾಯಿ ನೋಡಿ ತಿಳ್ಕಂತೀನಿ. ಇಂಜಿನ್ನಿಗೆ ಬಾಯಿಲ್ವಲ್ಲ, ಅದ್ನ ಅಂಗಾಲಾಗೆ ಕೇಳ್ತಿದ್ದೆ."

"ಕೈಗೆ ಗೊತ್ತಾಗಲ್ವಾ? ಸ್ಟೇರಿಂಗ್ ಹಿಡ್ಕೊಂಡಿರ್ತೀಯಲ್ಲ?"

"ಕೈಗೆ ಬರಾದು ರಸ್ತೆ ಕಲ್ಲಿನ ಅದುರು. ಇಂಜಿನ್ ಮಾತಾಡಾದು ಕಾಲಿಗೇಯ."

ನಾನು ರೋಲರಿನ ಕಡೆ ನೋಡಿದೆ. ನಾಲ್ಕು ಬೋಲ್ಟು ಹಾಕಿದ ನನ್ನ ರಬ್ಬರು ಅಲ್ಲೇ ಇತ್ತು. "ಮತ್ತೆ ಅದನ್ನ ಕಿತ್ತು ಬಿಸಾಕ್ಬೇಕಿತ್ತು" ಎಂದೆ.

"ಏನಂತ ಯೋಳಿ ಬಿಸಾಕ್ಲಿ? ನಂಗೋಸ್ಕರ ಯಾರೂ ಏನೂ ಮಾಡ್ದೋರಲ್ಲ. ನೀವು ದಿನಾ ಬಂದು ನೋಡೋರಿ." ಆಮೇಲೆ ಅವರೇ ದಾರಿ ಹೇಳಿದರು. "ನಿದ್ದೆ ಮಾಡ್ಬುಟ್ಟ ಅಂತ ಬರ್ದುಬಿಡಿ ಸ್ವಾಮಿ. ನಿದ್ದೆ ಮಾಡ್ದೋನ್ನ ಬೈದು ಬಿಡ್ತಾರೆ. ಕಿವುಡನ ಕೈಗೆ ಯಾವನು ಮಿಷನ್ ಕೊಡ್ತಾನೆ? ನಂಗೆ ಬೇರೆ ಕೆಲ್ಸ ಬರಾಕಿಲ್ಲ."

ನಾನು ಹಾಗೆಯೇ ಬರೆದೆ. ಇಲ್ಲಿಯವರೆಗೆ ನಾನು ತಿಳಿಯದೆ ಮಾಡಿದ್ದು, ಮುಂದಿನದು ತಿಳಿದೂ ಮಾಡಿದ್ದು. ಆ ಪೈಪಿನ ಬಿರುಕನ್ನು ಭಾನುವಾರದ ಸರ್ವಿಸಿನಲ್ಲಿ ನಾನು ಕಂಡುಹಿಡಿಯಬೇಕಿತ್ತು. "ಸರ್ವಿಸು ಸರಿಯಾಗಿ ಆಗಿಲ್ಲ, ತಪ್ಪು ನನ್ನದು" ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅವರ ಕಿವಿಯ ವಿಷಯವೂ ಹೊರಗೆ ಬರುತ್ತಿರಲಿಲ್ಲ, ನಿದ್ದೆಯ ಸುಳ್ಳೂ ಬೇಕಿರಲಿಲ್ಲ. ಆ ಸಾಲು ಲಾಗ್ ಬುಕ್ಕಿನ ಮುಂದೆ ಕೂತಾಗಲೇ ನನಗೆ ಹೊಳೆದಿತ್ತು. ಮಿಕ್ಸರಿನ ಡ್ರಮ್ಮೂ ನೆನಪಾಯಿತು. ಎರಡನೆಯ ತಪ್ಪಿಗೆ ಮನೆಗೆ ಕಳಿಸುತ್ತಾರೆ ಎಂದು ಹೆದರಿ ಪೆನ್ನು ಮುಚ್ಚಿದೆ.

ಶೇಷಗಿರಿರಾಯರು ಬಂದು ಓದಿದರು. ಪಿಳ್ಳಣ್ಣ ಕೈಕಟ್ಟಿ ನಿಂತಿದ್ದರು. ರಾಯರು ನನ್ನನ್ನು ಪಕ್ಕಕ್ಕೆ ಕರೆದು, "ಇವನು ನಿದ್ದೆ ಮಾಡ್ತಾನೆ ಅಂದ್ರೆ ನಂಬಿಕೆ ಬರ್ತಿಲ್ಲ ಕಣ್ರೀ. ಬೇರೆ ಏನಾದ್ರೂ ಕಾರಣ ಇದೆಯಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಸಾರ್."

"ಮಿಷನ್ ಮೇಲೆ ನಿದ್ದೆ ಮಾಡಿದವನು ಇನ್ನು ಮಿಷನ್ ಹತ್ತೋದು ಬೇಡ. ನಾಳೆ ಇನ್ಯಾರನ್ನಾದ್ರೂ ಚಕ್ರದಡಿ ಹಾಕ್ತಾನೆ. ಹೊಸಕೋಟೆ ಯಾರ್ಡಿಗೆ ವಾಚ್‌ಮ್ಯಾನ್ ಆಗಿ ಹೋಗ್ಲಿ."

ಬೈದು ಬಿಡುತ್ತಾರೆ ಎಂದು ಪಿಳ್ಳಣ್ಣ ಲೆಕ್ಕ ಹಾಕಿದ್ದು ತಪ್ಪಾಗಿತ್ತು. ರಾಯರ ತುಟಿಯನ್ನು ಅವರು ದೂರದಿಂದಲೇ ಓದಿಕೊಂಡಿರಬೇಕು, ನಾನು ಹೇಳುವ ಮೊದಲೇ ಹೋಗಿ ಟ್ರಂಕು ಕಟ್ಟುತ್ತಿದ್ದರು. ಲಾರಿ ಹತ್ತುವ ಮುಂಚೆ ರೋಲರಿನ ಮುಂಚಕ್ರದ ಮೇಲೆ ಒಮ್ಮೆ ಕೈಯಾಡಿಸಿದರು. ಇಂಜಿನ್ನು ಸತ್ತಿತ್ತು, ಕೈಗೆ ಏನೂ ಸಿಕ್ಕಿರಲಾರದು. "ಹೊತ್ತೊತ್ತಿಗೆ ಉಣ್ಣಿ ಸ್ವಾಮಿ" ಎಂದರು. ಅವರು ಹೋದ ಮೇಲೆ ನಾಲ್ಕು ಬೋಲ್ಟನ್ನೂ ನಾನೇ ಬಿಚ್ಚಿ ರಬ್ಬರನ್ನು ಹಳ್ಳಕ್ಕೆ ಎಸೆದೆ. ಅವರ ಮೂರು ಕಲ್ಲಿನ ಒಲೆ ಮಾತ್ರ ಕ್ಯಾಂಪು ಎತ್ತುವವರೆಗೂ ಅಲ್ಲೇ ಇತ್ತು. ನಾನು ಅದರ ಕಡೆ ಬೆನ್ನು ಹಾಕಿ ಊಟಕ್ಕೆ ಕೂರುತ್ತಿದ್ದೆ.

ಆಮೇಲೆ ಕೆಲಸ ಬೇಗ ಬೇಗ ಬದಲಾಯಿತು. ಸುತ್ತಿಗೆ ಹಿಡಿದು ಜಲ್ಲಿ ಒಡೆಯುತ್ತಿದ್ದವರ ಗುಂಪು ಕರಗಿತು, ಒಂದು ಕ್ರಷರಿದ್ದ ಕಡೆ ಮೂರು ಬಂದವು. ಎಪ್ಪತ್ತರ ದಶಕದ ಕೊನೆಗೆ ತಾನೇ ಅದುರಿ ನೆಲವನ್ನು ಒತ್ತುವ ಹೊಸ ರೋಲರು ಬಂತು. ಅದರ ಮೇಲೆ ಕೂತರೆ ಹಲ್ಲೂ ಅದುರುತ್ತದೆ, ಇಂಜಿನ್ನು ಯಾವುದು ನೆಲ ಯಾವುದು ಎಂದು ಕಾಲಿಗೆ ತಿಳಿಯುವುದಿಲ್ಲ. ಪಿಳ್ಳಣ್ಣ ಇದನ್ನು ಹೇಗೂ ಓಡಿಸಲಾಗುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೂ ಮನಸ್ಸು ಹಗುರಾಗಲಿಲ್ಲ.

ಅದಕ್ಕೆ ಮೊದಲೇ, ಅವರು ಹೋದ ಎರಡನೆಯ ವರ್ಷ, ಒಂದು ಬಿಡಿಭಾಗಕ್ಕಾಗಿ ಹೊಸಕೋಟೆ ಯಾರ್ಡಿಗೆ ಹೋಗುವ ಪ್ರಸಂಗ ಬಂತು. ಹಳೆ ಮದ್ರಾಸು ರಸ್ತೆಯ ಪಕ್ಕದ ಬಯಲಲ್ಲಿ ತುಕ್ಕು ಹಿಡಿದ ಯಂತ್ರಗಳ ಸಾಲು. ಇಂಜಿನ್ನು ತುಂಬಿ ಬಂದಿದ್ದ ಒಂದು ಖಾಲಿ ಮರದ ಪೆಟ್ಟಿಗೆಯನ್ನು ಮಗುಚಿಹಾಕಿ ಅದರ ಮೇಲೆ ಪಿಳ್ಳಣ್ಣ ಕೂತಿದ್ದರು. ಅಂಗಾಲು ನೆಲಕ್ಕೆ ಊರಿತ್ತು. ಜೀಪು ಹಿಂದಿನಿಂದ ಬಂದರೂ ಅವರು ತಿರುಗಿ ನಕ್ಕರು.

"ಬನ್ನಿ ಸ್ವಾಮಿ. ನಿಮ್ ಜೀಪಿನ ಗೇರ್‌ಬಾಕ್ಸು ಯಾಕೋ ಅಳ್ತಾ ಐತೆ, ನೋಡ್ಕಳಿ."

ಟೀ ತರಿಸಿದರು. ಪೆಟ್ಟಿಗೆಯ ಮೇಲೆ ಜಾಗ ಮಾಡಿಕೊಟ್ಟರು. ಅವತ್ತು ಮೊದಲ ಬಾರಿಗೆ ಪಕ್ಕಪಕ್ಕದಲ್ಲಿ ಕೂತೆವು. ಅವರು ರಸ್ತೆಯ ಮೇಲಿನ ಲಾರಿಗಳನ್ನು ನೋಡುತ್ತಾ, ಬಾಯಿ ತುಂಬ ಮಾತಾಡುತ್ತಾ ಇದ್ದರು. ರಬ್ಬರಿನ ಮಾತು ಎತ್ತಲಿಲ್ಲ, ರೋಲರಿನ ಮಾತೂ ಎತ್ತಲಿಲ್ಲ. ಮಾತು ನಿಲ್ಲಿಸಿ ಟೀ ಗುಟುಕರಿಸಿದರು. ಮುಖ ಅತ್ತ ಕಡೆ ಇತ್ತು. ಅವರಿಗೆ ಕೇಳಿಸುವುದಿಲ್ಲ, ತುಟಿಯೂ ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ನಾನು ಹೇಳಿದೆ: "ಅದು ನನ್ನ ತಪ್ಪು ಪಿಳ್ಳಣ್ಣ. ಸರ್ವಿಸ್ ನಂದು. ಬರೀಬೇಕಿತ್ತು, ಬರೀಲಿಲ್ಲ."

ಪಿಳ್ಳಣ್ಣ ತಟ್ಟನೆ ತಿರುಗಿದರು. "ಏನೋ ಅಂದಂಗಾಯ್ತು ಸ್ವಾಮಿ?"

"ಏನಿಲ್ಲ. ಟೀ ಚೆನ್ನಾಗಿದೆ ಅಂದೆ."

ಅವರು ಇನ್ನೂ ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡಿದರು. ಆಮೇಲೆ ಲೋಟ ತೆಗೆದುಕೊಂಡು ಎದ್ದುಹೋದರು. ತಿರುಗಿದ್ದು ಕಾಕತಾಳೀಯ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಅವರನ್ನು ನಾನು ಮತ್ತೆ ನೋಡಲಿಲ್ಲ. ತೀರಿಕೊಂಡ ಸುದ್ದಿ ಬಂದಾಗ ನಾನು ಇನ್ನೊಂದು ಮೈಲಿಗಲ್ಲಿನ ಹತ್ತಿರ ಇದ್ದೆ.

ನನ್ನ ಕಿವಿ ಕೆಲಸದಲ್ಲಿದ್ದಾಗಲೇ ಮಂದವಾಗುತ್ತಾ ಬಂದು, ನಿವೃತ್ತಿಯಾದ ಮೇಲೆ ಪೂರ್ತಿ ಮುಚ್ಚಿಕೊಂಡಿತು. ಈಗ ಇರುವುದು ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರ ಬಾಡಿಗೆ ಮನೆಯಲ್ಲಿ. ಕಿವಿಯ ವಿಷಯ ಗೊತ್ತಿಲ್ಲದವರು ಕಾಗದದಲ್ಲಿ, ಆ ಗಲಾಟೆಯಲ್ಲಿ ಹೇಗಿರುತ್ತೀರಿ ಎಂದು ಕೇಳುತ್ತಾರೆ. ನಾಲ್ಕೂ ಕಡೆ ಪವರ್‌ಲೂಮು ಇರುವುದರಿಂದಲೇ ಈ ಮನೆ ಹಿಡಿದೆ. ನೆಲಕ್ಕೆ ಕಾಲು ಊರಿದರೆ ಪಕ್ಕದಲ್ಲಿ ಜನ ಇದ್ದಾರೆ, ದುಡಿಯುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಕರೆಂಟು ಹೋದರೆ ನೆಲ ಸ್ತಬ್ಧವಾಗುತ್ತದೆ, ಆಗ ನನಗೆ ಭಯವಾಗುತ್ತದೆ. ಎದುರು ಮನೆಯ ಗಿರಿಜಮ್ಮ ನನ್ನ ಕಾಲಿಗೆ ಥಂಡಿ ಹತ್ತುತ್ತದೆ ಎಂದು ಒಂದು ದಪ್ಪ ಚಾಪೆ ತಂದು ಹಾಸಿದರು. ಆಕೆ ಹೋಗುವವರೆಗೆ ಕಾದು ಸುತ್ತಿಟ್ಟೆ. ಮಾರನೆಯ ದಿನ ಬಂದು, ಎಲ್ಲಿ ಎಂದು ಕೈಸನ್ನೆಯಲ್ಲೇ ಕೇಳಿದರು. ಏನಂತ ಹೇಳಲಿ? ಮತ್ತೆ ಹಾಸಿದೆ.

ಆಕೆಯ ಯಜಮಾನರು ನಂಜಪ್ಪ ಸಂಜೆ ಹೊತ್ತು ಬಂದು ನನ್ನ ಜಗಲಿಯ ಹಲಗೆ ಬೆಂಚಿನ ಮೇಲೆ ಕೂರುತ್ತಾರೆ. ಹೋದ ತಿಂಗಳು ಒಂದು ಸಂಜೆ ನಾನು ಬೀದಿ ನೋಡುತ್ತಿದ್ದೆ. ಕರೆಂಟು ಹೋಗಿತ್ತು, ನೆಲದಲ್ಲಿ ಏನೂ ಇರಲಿಲ್ಲ. ಇದ್ದಕ್ಕಿದ್ದಂತೆ ಬೆಂಚಿನ ಹಲಗೆ ನನ್ನ ಅಂಗೈಯ ಕೆಳಗೆ ಸಣ್ಣಗೆ ಗುನುಗಿತು. ನಿಂತಿತು. ಮತ್ತೆ ಗುನುಗಿತು. ತಿರುಗಿ ನೋಡಿದರೆ ನಂಜಪ್ಪ ತಮ್ಮಷ್ಟಕ್ಕೆ ತಾವು ಏನೋ ಹೇಳಿಕೊಳ್ಳುತ್ತಿದ್ದಾರೆ. ನಾನು ಅವರ ಬಾಯಿಯನ್ನೇ ನೋಡಿದೆ. ಅವರು ತಲೆಯಾಡಿಸಿ, ಏನಿಲ್ಲ ಎಂದು ಕೈ ಬೀಸಿದರು.

ಅವತ್ತು ರಾತ್ರಿ ನನಗೆ ಹೊಸಕೋಟೆ ಯಾರ್ಡಿನ ಪೆಟ್ಟಿಗೆ ನೆನಪಾಯಿತು. ಆ ಪೆಟ್ಟಿಗೆ ಈ ಬೆಂಚಿಗಿಂತ ತೆಳ್ಳನೆಯ ಮರದ್ದು, ಒಳಗೆ ಟೊಳ್ಳು, ನನ್ನ ದನಿಗೆ ಅದು ಇನ್ನೂ ಚೆನ್ನಾಗಿ ಅದುರಿರಬೇಕು. ನಾನು ಹೇಳಿದ್ದು ಏನೆಂದು ಪಿಳ್ಳಣ್ಣನಿಗೆ ಗೊತ್ತಾಗಿರಲಿಲ್ಲ, ನಾನು ಏನೋ ಹೇಳಿದ್ದು ಮಾತ್ರ ಚೆನ್ನಾಗಿ ಗೊತ್ತಾಗಿತ್ತು. ಅದನ್ನು ಇನ್ನೊಮ್ಮೆ ಹೇಳಲಿ ಎಂದು ತಿರುಗಿ ಕೂತು, ನನ್ನ ತುಟಿ ನೋಡುತ್ತಾ ಕಾಯುತ್ತಿದ್ದರು. ನಾನು ಟೀ ಚೆನ್ನಾಗಿದೆ ಅಂದೆ.